ತೂಕದ ಮಾತು ಮೊದಲ ಭೇಟಿಯಲ್ಲೇ ಆಗಲಿ

ಬಸುರಿ ಎಂದು ಗೊತ್ತಾಗಿ ಆಸ್ಪತ್ರೆಗೆ ಹೋದ ದಿನ ವೈದ್ಯರಿಗಿಂತ ಮೊದಲು ಎದುರಾಗುವುದು ತೂಕದ ಯಂತ್ರ. ಎಷ್ಟೋ ಕಡೆ ಅದನ್ನು ಹತ್ತಾರು ಜನ ಕುಳಿತಿರುವ ಪಡಸಾಲೆಯಲ್ಲೇ ಇಟ್ಟಿರುತ್ತಾರೆ. ಸಿಸ್ಟರ್ ಸಂಖ್ಯೆಯನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ, ಜೊತೆಗೆ ಬಂದ ಅತ್ತೆಯೋ ನಾದಿನಿಯೋ ತಮ್ಮದೊಂದು ಮಾತು ಸೇರಿಸುತ್ತಾರೆ. ಒಳಗೆ ಹೋದರೆ 'ತೂಕ ಜಾಸ್ತಿ ಇದೆಯಮ್ಮ, ಬಾಯಿ ಕಟ್ಟಬೇಕು' ಎಂಬಲ್ಲಿಗೆ ವೈದ್ಯರ ಮಾತು ಮುಗಿಯುತ್ತದೆ. ಹೀಗೆ ಮುಜುಗರಪಟ್ಟ ಹೆಣ್ಣುಮಗಳು ಮುಂದಿನ ತಪಾಸಣೆಯನ್ನು ಇನ್ನೆರಡು ವಾರ ತಳ್ಳುತ್ತಾಳೆ. ಅಲ್ಲಿಂದಲೇ ತೊಂದರೆ ಶುರು. ಬೊಜ್ಜಿನ ಜೊತೆ ಬರುವ ಬಿಪಿ, ಸಕ್ಕರೆ, ಹೆಪ್ಪುಗಟ್ಟುವ ರಕ್ತ, ಇವನ್ನೆಲ್ಲ ಹಿಡಿತದಲ್ಲಿಡುವ ಮುಖ್ಯ ತೀರ್ಮಾನಗಳು ಆಗಬೇಕಾದದ್ದು ಮೊದಲ ಮೂರು ತಿಂಗಳಲ್ಲೇ.

ಬಸುರಿನಲ್ಲಿ ತೆಳ್ಳಗಾಗಲು ಯಾರೂ ಹೊರಡಬಾರದು. ಯಾವ ಪರೀಕ್ಷೆ ಬೇಗ ಆಗಬೇಕು, ಯಾವ ಮಾತ್ರೆ ಎಷ್ಟು ಬೇಕು, ಹೆರಿಗೆ ಎಲ್ಲಿ ಆಗಬೇಕು ಎಂದು ಗೊತ್ತುಮಾಡಲು ತೂಕ ಬೇಕು. ಅದನ್ನು ಮರೆಯಲ್ಲಿ ನೋಡಿ ಎಂದು ಸಿಸ್ಟರನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ನೋಡಿಸದೆ ಬರಬೇಡಿ.

ಲೆಕ್ಕ ಹೀಗಿದೆ. ಬಸುರಾಗುವ ಮುಂಚಿನ ಅಥವಾ ಮೊದಲ ತಿಂಗಳುಗಳ ತೂಕವನ್ನು ಕಿಲೋಗಳಲ್ಲಿ ಬರೆದುಕೊಳ್ಳಿ. ಎತ್ತರವನ್ನು ಮೀಟರಿನಲ್ಲಿ ಬರೆದು ಅದನ್ನು ಅದರಿಂದಲೇ ಗುಣಿಸಿ, ಬಂದ ಉತ್ತರದಿಂದ ತೂಕವನ್ನು ಭಾಗಿಸಿ. ಇದೇ ಬಿಎಂಐ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 25ರ ಮೇಲೆ ಅಧಿಕ ತೂಕ, 30ರ ಮೇಲೆ ಬೊಜ್ಜು. ಆದರೆ ನಮ್ಮವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಕೂಡುವುದರಿಂದ, ಸಕ್ಕರೆ ಕಾಯಿಲೆಯೂ ಬೇಗ ಬರುವುದರಿಂದ, ಭಾರತೀಯ ತಜ್ಞರು 2009ರಲ್ಲಿ ಈ ಗೆರೆಗಳನ್ನು ಕೆಳಗಿಳಿಸಿದರು: 23ರಿಂದ ಅಧಿಕ ತೂಕ, 25ರಿಂದ ಬೊಜ್ಜು. ಐದಡಿ ಎತ್ತರದ ಹೆಣ್ಣಿಗೆ 58 ಕಿಲೋ ಆದರೆ 25 ಮುಟ್ಟಿತು, 70 ಕಿಲೋ ಆದರೆ 30 ದಾಟಿತು. 58 ಕಿಲೋದವರನ್ನು ನೋಡಿ ಯಾರೂ ದಪ್ಪ ಎನ್ನುವುದಿಲ್ಲ. ಅದಕ್ಕೇ ಕಣ್ಣಳತೆಯನ್ನು ನಂಬದೆ ಲೆಕ್ಕ ಹಾಕಬೇಕು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 30 ಮಂದಿ 25ರ ಗೆರೆ ದಾಟಿದ್ದರು. ಅದೇ ಸಮೀಕ್ಷೆಯಲ್ಲಿ ಬಸುರಿಯರಲ್ಲಿ ನೂರಕ್ಕೆ 45ರ ಆಸುಪಾಸು ಮಂದಿಗೆ ರಕ್ತಹೀನತೆ ಇತ್ತು. ಎರಡೂ ಒಬ್ಬಳಲ್ಲೇ ಇರಬಹುದು. ಮೈತುಂಬಿಕೊಂಡಿದ್ದಾಳೆ, ರಕ್ತಕ್ಕೇನು ಕೊರತೆ ಎಂದುಕೊಂಡು ಕಬ್ಬಿಣಾಂಶದ ಮಾತ್ರೆಯನ್ನು ಕಪಾಟಿನಲ್ಲೇ ಬಿಡುವ ಮನೆಗಳು ಬಹಳ. ದಿನಕ್ಕೊಂದರಂತೆ ಕನಿಷ್ಠ 180 ದಿನ ಅದನ್ನು ನುಂಗಲೇಬೇಕು. ಕ್ಯಾಲ್ಸಿಯಂ ಮಾತ್ರೆಯ ಜೊತೆಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತದು, ನಡುವೆ ಎರಡು ಗಂಟೆ ಬಿಡಿ. ಕಾಫಿ, ಟೀ ಜೊತೆಗೂ ಬೇಡ.

ತಾಯಿಯ ಮೈತೂಕ ಮಗುವಿನ ಮುಂದಿನ ಆರೋಗ್ಯವನ್ನೂ ಮುಟ್ಟುತ್ತದೆ ಎಂಬುದಕ್ಕೆ ದೊಡ್ಡ ಸಾಕ್ಷ್ಯವೊಂದು ಸಿಕ್ಕಿದ್ದು ನಮ್ಮದೇ ಮೈಸೂರಿನಲ್ಲಿ. ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯವರು, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯವರು, ಹಳೆಯ ಹೆರಿಗೆ ದಾಖಲೆಗಳನ್ನು ಜೋಪಾನವಾಗಿ ಇಟ್ಟಿದ್ದರು. ಅಲ್ಲಿ ಹುಟ್ಟಿ ನಡುವಯಸ್ಸಿಗೆ ಬಂದಿದ್ದ 500ಕ್ಕೂ ಹೆಚ್ಚು ಜನರನ್ನು ಸಂಶೋಧಕರು ಹುಡುಕಿ ಪರೀಕ್ಷಿಸಿದರು. 1998ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹುಟ್ಟುವಾಗ ಉದ್ದ ಕಡಿಮೆಯಿದ್ದು ಗುಂಡಗಿದ್ದವರಲ್ಲಿ, ಸರಾಸರಿಗಿಂತ ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿತ್ತು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರನ್ನು ಸೇರಿಸಿಕೊಂಡು ಆರಂಭವಾದ ಪಾರ್ಥೆನಾನ್ ಅಧ್ಯಯನ ಅವರ ಮಕ್ಕಳನ್ನು ದೊಡ್ಡವರಾಗುವವರೆಗೂ ಹಿಂಬಾಲಿಸಿತು. ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ 2016ರಲ್ಲಿ ಆರಂಭವಾದ 'ಮಾಸ್ತಿ' ಅಧ್ಯಯನವೂ ತಾಯಿಯ ಸಕ್ಕರೆಗೂ ಕೂಸಿನ ಕೊಬ್ಬಿಗೂ ಇರುವ ನಂಟನ್ನೇ ಹುಡುಕುತ್ತಿದೆ. ಕೂಸು ಗುಂಡಗೆ ಹುಟ್ಟಿದರೆ ಹಿಗ್ಗುವ ನಾವು ಇದನ್ನು ನೆನಪಿಡಬೇಕು.

ಮೊದಲ ಮೂರು ತಿಂಗಳ ಕೆಲಸ

ಮೊದಲ ಭೇಟಿಯಲ್ಲೇ ಸಕ್ಕರೆ ನೋಡಿಸಿ. 75 ಗ್ರಾಂ ಗ್ಲೂಕೋಸನ್ನು ನೀರಲ್ಲಿ ಕರಗಿಸಿ ಕುಡಿದು, ಎರಡು ಗಂಟೆಯ ಬಳಿಕ ರಕ್ತ ಕೊಡುವುದು ಸರ್ಕಾರ ಒಪ್ಪಿರುವ ಪದ್ಧತಿ. ಚೆನ್ನೈನ ಡಾ. ವಿ. ಶೇಷಯ್ಯ ಮತ್ತು ಸಂಗಡಿಗರು ಇದನ್ನು ರೂಢಿಗೆ ತಂದರು. ಖಾಲಿ ಹೊಟ್ಟೆಯಲ್ಲೇ ಇರಬೇಕೆಂದಿಲ್ಲ. ಕೆಂಗೇರಿಯ ಆಚೆಯಿಂದ ಎರಡು ಬಸ್ಸು ಬದಲಿಸಿ ಬರುವ ಬಸುರಿಗೆ ಇದೆಷ್ಟು ದೊಡ್ಡ ಅನುಕೂಲ ಎಂದು ಬಿಡಿಸಿ ಹೇಳಬೇಕಿಲ್ಲ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ದಿನ ಮತ್ತೆ ಮಾಡಿಸಬೇಕು. ಫಲಿತಾಂಶ 140 ಅಥವಾ ಮೇಲಿದ್ದರೆ ಬಸುರಿನ ಸಕ್ಕರೆ ಕಾಯಿಲೆ ಎಂದು ಲೆಕ್ಕ. ಕಡಿಮೆ ಬಂತೆಂದು ಸುಮ್ಮನಾಗುವಂತಿಲ್ಲ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಆಗಲೇಬೇಕು. ಬೊಜ್ಜಿರುವವರಲ್ಲಿ ಸಕ್ಕರೆ ಹೆಚ್ಚಾಗಿ ತಲೆಯೆತ್ತುವುದು ಆಗಲೇ.

ಬಿಪಿ ವಿಷಯದಲ್ಲಿ ಸಣ್ಣದೊಂದು ಸಂಗತಿ ದೊಡ್ಡ ಎಡವಟ್ಟು ಮಾಡುತ್ತದೆ. ತೋಳು ದಪ್ಪವಿದ್ದು ಸುತ್ತುವ ಪಟ್ಟಿ ಚಿಕ್ಕದಾದರೆ ಯಂತ್ರ ಇಲ್ಲದ ಬಿಪಿಯನ್ನು ತೋರಿಸುತ್ತದೆ. ಆಮೇಲೆ ಬೇಡದ ಮಾತ್ರೆ, ಬೇಡದ ಅಡ್ಮಿಷನ್ನು. ಮುಂದಿನ ಸಲ ಬೇರೆ ಪಟ್ಟಿಯಲ್ಲಿ ಸರಿಯಾಗಿ ನೋಡಿದರೆ 'ಇಳಿದಿದೆ' ಎಂಬ ಸುಳ್ಳು ಸಮಾಧಾನ. 'ದೊಡ್ಡ ಕಫ್ ಇದೆಯಾ ಸಿಸ್ಟರ್?' ಎಂದು ಕೇಳಿ. ಇಲ್ಲ ಎಂದರೆ ತರಿಸಿ ಎನ್ನಿ, ಅದು ಸಾವಿರಾರು ರೂಪಾಯಿಯ ಸಾಮಾನಲ್ಲ. ಪ್ರತಿ ಭೇಟಿಯಲ್ಲೂ ಅದೇ ಅಳತೆಯ ಪಟ್ಟಿ ಬಳಸಲು ಫೈಲಿನ ಮೇಲೆ ಬರೆಸಿಕೊಳ್ಳಿ.

ಬಸುರಿನಲ್ಲಿ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ಪ್ರೀಎಕ್ಲಾಂಪ್ಸಿಯಾ ತೊಂದರೆ ಬೊಜ್ಜಿರುವವರಲ್ಲಿ ಹೆಚ್ಚು. ಜೊತೆಗೆ ಇದು ಮೊದಲ ಬಸುರಾಗಿದ್ದರೆ, ವಯಸ್ಸು 35 ದಾಟಿದ್ದರೆ, ತಾಯಿಗೋ ಅಕ್ಕನಿಗೋ ಇದೇ ತೊಂದರೆ ಆಗಿದ್ದರೆ, ಕಡಿಮೆ ಪ್ರಮಾಣದ ಆಸ್ಪಿರಿನ್ ಬೇಕೇ ಎಂದು ವೈದ್ಯರನ್ನು ಕೇಳಬೇಕು. ಅದನ್ನು 12ನೇ ವಾರದ ನಂತರ, 16ನೇ ವಾರದ ಒಳಗೆ ಶುರುಮಾಡಿದರೆ ಹೆಚ್ಚು ಫಲ. ಐದನೇ ತಿಂಗಳಲ್ಲಿ ಮೊದಲ ಬಾರಿ ಆಸ್ಪತ್ರೆ ಮೆಟ್ಟಿಲು ಹತ್ತಿದವರಿಗೆ ಈ ಅವಕಾಶ ಹೆಚ್ಚುಕಡಿಮೆ ಕೈತಪ್ಪಿರುತ್ತದೆ. ಮಾತ್ರೆ ಅಗ್ಗದ್ದು ಎಂದು ಮೆಡಿಕಲ್ ಸ್ಟೋರಿನಿಂದ ನೀವೇ ತಂದು ನುಂಗುವುದು ಬೇಡ.

ಫೋಲಿಕ್ ಆಸಿಡ್ ಎಲ್ಲರಿಗೂ ಬೇಕು. ಬಿಎಂಐ 30ರ ಮೇಲಿದ್ದರೆ 5 ಮಿಲಿಗ್ರಾಂ ಕೊಡುವ ವೈದ್ಯರಿದ್ದಾರೆ, ಕೂಸಿನ ಬೆನ್ನುಹುರಿ ಕೂಡಿಕೊಳ್ಳದ ದೋಷದ ಭಯ ಇವರಲ್ಲಿ ಸ್ವಲ್ಪ ಜಾಸ್ತಿ ಎಂಬುದು ಕಾರಣ. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಹೊಟ್ಟೆಯ ಕೊಬ್ಬಿನ ಪದರದ ಮೂಲಕ ಕೂಸಿನ ಹೃದಯ, ಬೆನ್ನು ಸ್ಪಷ್ಟವಾಗಿ ಕಾಣದೆ ಹೋಗಬಹುದು. ಒಂದೆರಡು ವಾರ ಬಿಟ್ಟು ಮತ್ತೆ ಬನ್ನಿ ಎಂದರೆ ಗಾಬರಿಯಾಗಬೇಡಿ, ಹೋಗದೆಯೂ ಇರಬೇಡಿ. ಗೊರಕೆ ಜೋರಾಗಿದ್ದರೆ, ನಿದ್ದೆಯಲ್ಲಿ ಉಸಿರು ನಿಂತಂತಾಗಿ ಎಚ್ಚರವಾಗುತ್ತಿದ್ದರೆ ಅದನ್ನೂ ಹೇಳಿ. ಮನೆಯಲ್ಲಿ ತಮಾಷೆಯಾಗಿ ಕಾಣುವ ಈ ಗೊರಕೆ ಅನಸ್ತೇಷಿಯಾ ವೈದ್ಯರಿಗೆ ಬಹಳ ಮುಖ್ಯವಾದ ಮಾಹಿತಿ.

ತಟ್ಟೆಯಲ್ಲಿ ಏನಿರಬೇಕು

'ಇಬ್ಬರ ಪಾಲು ಉಣ್ಣಬೇಕು' ಎಂಬ ಮಾತನ್ನು ಪ್ರೀತಿಯಿಂದಲೇ ಹೇಳುತ್ತಾರೆ, ಒಪ್ಪೋಣ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಬಸುರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೆ ಹೆಚ್ಚಿಗೆ ಬೇಕಾದದ್ದು ಸುಮಾರು 350 ಕ್ಯಾಲೊರಿ. ಎರಡು ಇಡ್ಲಿ, ಒಂದು ಬಟ್ಟಲು ಸಾಂಬಾರು, ಒಂದು ಲೋಟ ಹಾಲಿಗೆ ಅದು ಮುಗಿಯುತ್ತದೆ. ಹಾಗೆಂದು ಊಟ ಬಿಡುವುದು, ಕೀಟೋ, ಹದಿನಾರು ಗಂಟೆ ಉಪವಾಸ, ಇವು ಯಾವುವೂ ಬಸುರಿನಲ್ಲಿ ಸಲ್ಲ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಅಳತೆಯಂತೆ ಒಂಬತ್ತು ತಿಂಗಳಲ್ಲಿ ಸಾಧಾರಣ ತೂಕದವರು 11.5ರಿಂದ 16 ಕಿಲೋ, ಅಧಿಕ ತೂಕದವರು 7ರಿಂದ 11.5, ಬೊಜ್ಜಿರುವವರು 5ರಿಂದ 9 ಕಿಲೋ ಏರಬಹುದು. ನಮ್ಮವರ ಮೈಕಟ್ಟಿಗೆ ಈ ಅಂಕಿಗಳ ಕೆಳತುದಿಯೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಅಂಕಿ ಯಾವುದೆಂದು ನಿಮ್ಮ ವೈದ್ಯರಿಂದಲೇ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ನಮ್ಮ ಅಡುಗೆಯಲ್ಲಿ ಒಳ್ಳೆಯದು ಬೇಕಾದಷ್ಟಿದೆ. ಬಸ್ಸಾರು, ಮಸ್ಸೊಪ್ಪು, ಉಪ್ಪುಸಾರಿನ ಜೊತೆಗಿನ ಸೊಪ್ಪು-ಕಾಳಿನ ಪಲ್ಯ, ಮಾಗಿಯಲ್ಲಿ ಅವರೆಕಾಳು, ಮೊಟ್ಟೆ, ಮಜ್ಜಿಗೆ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ, ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಸುತ್ತಮುತ್ತ. ಆದರೆ ಮುದ್ದೆ ತಿಂದರೆ ಸಕ್ಕರೆ ಏರುವುದೇ ಇಲ್ಲ ಎಂಬ ನಂಬಿಕೆ ತಪ್ಪು. ಕಿತ್ತಳೆ ಗಾತ್ರದ ಒಂದು ಮುದ್ದೆ ಸಾಕು, ಸಾರಿನಲ್ಲಿ ಕಾಳು-ಸೊಪ್ಪು ದಟ್ಟವಾಗಿರಲಿ. ಬೆಲ್ಲ ಹಾಕಿದ ರಾಗಿ ಗಂಜಿ ಮುದ್ದೆಗಿಂತ ಬೇಗ ಸಕ್ಕರೆ ಏರಿಸುತ್ತದೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ-ಸಾರು, ರಾತ್ರಿ ಮತ್ತೆ ಅನ್ನ ಆದರೆ ದಿನವಿಡೀ ಅಕ್ಕಿಯೇ ಆಯಿತು. ಒಂದು ಹೊತ್ತಾದರೂ ತಟ್ಟೆಯ ಅರ್ಧ ಜಾಗ ಪಲ್ಯ-ಕೋಸಂಬರಿಗೆ ಬಿಡಿ. ಸಂಜೆಯ ಬೇಕರಿ ನಿಲ್ಲಬೇಕು. ರಾಜಾಜಿನಗರ, ಬಸವೇಶ್ವರನಗರದ ಬೀದಿಗಳಲ್ಲಿ ಅಯ್ಯಂಗಾರ್ ಬೇಕರಿ ದಾಟದೆ ಮನೆ ಸೇರುವುದು ಕಷ್ಟ ಎಂಬುದು ನಿಜ. ಆದರೂ ದಿನವೂ ಒಂದು ಆಲೂ ಬನ್, ಒಂದು ಸಿಹಿ ಟೀ ಸೇರಿದರೆ ಮೇಲೆ ಹೇಳಿದ ಹೆಚ್ಚಿನ ಪಾಲು ಅಲ್ಲಿಗೇ ಮುಗಿದುಹೋಗುತ್ತದೆ, ಕೂಸಿಗೆ ಬೇಕಾದ ಪ್ರೋಟೀನ್ ಮಾತ್ರ ಬಂದಿರುವುದಿಲ್ಲ. ಹುರಿಗಡಲೆ, ಬೇಯಿಸಿದ ಕಡಲೆಕಾಯಿ ಚೀಲದಲ್ಲಿರಲಿ. ಹಣ್ಣನ್ನು ಹಣ್ಣಾಗಿಯೇ ತಿನ್ನಿ, ಜ್ಯೂಸ್ ಬೇಡ. ಸೀಮಂತದ ದಿನದ ಹೋಳಿಗೆಗೆ ಯಾರ ತಕರಾರೂ ಇಲ್ಲ. ಅದರ ಹಿಂದೆ ಮುಂದೆ ಹದಿನೈದು ದಿನ ನೆಂಟರ ಮನೆಗಳಿಂದ ಬರುವ ಡಬ್ಬಿಗಳ ಬಗ್ಗೆ ಮಾತ್ರ ಮನೆಯವರು ಒಂದು ತೀರ್ಮಾನಕ್ಕೆ ಬರಬೇಕು.

ವೈದ್ಯರು ಬೇಡ ಎನ್ನದಿದ್ದರೆ ವಾರಕ್ಕೆ 150 ನಿಮಿಷ ನಡಿಗೆ, ಎಂದರೆ ವಾರದಲ್ಲಿ ಐದು ದಿನ ಅರ್ಧರ್ಧ ಗಂಟೆ. ನಡೆಯುತ್ತಲೇ ಮಾತಾಡಲು ಆಗುವಷ್ಟು ವೇಗ ಸಾಕು. ಕಾರ್ಡ್ ರಸ್ತೆಯಲ್ಲೋ ಮಾಗಡಿ ರಸ್ತೆಯಲ್ಲೋ ಕಿತ್ತ ಕಲ್ಲುಚಪ್ಪಡಿಗಳ ಮೇಲೆ ಬಸುರಿ ನಡೆಯಲಿ ಎಂದು ಹೇಳುವ ಧೈರ್ಯ ನನಗಿಲ್ಲ. ಬಡಾವಣೆಯ ಪಾರ್ಕಿಗೆ ಬೆಳಿಗ್ಗೆ ಹೋಗಿ, ಇಲ್ಲವೇ ಮನೆಯ ತಾರಸಿಯಲ್ಲೇ ಹತ್ತು ಹತ್ತು ನಿಮಿಷ ಮೂರು ಸಲ ನಡೆದರೂ ಲೆಕ್ಕಕ್ಕೆ ಸಿಗುತ್ತದೆ. ಮೈಸೂರು ರಸ್ತೆಯ, ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ಎಂಟು ಗಂಟೆ ಹೊಲಿಗೆ ಯಂತ್ರದ ಮುಂದೆ ಕೂರುವವರ ಕಷ್ಟ ಬೇರೆ. ಟಾಯ್ಲೆಟ್ಟಿಗೆ ಏಳಬೇಕಾಗುತ್ತದೆಂದು ನೀರೇ ಕುಡಿಯದವರಿದ್ದಾರೆ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು, ನೀರು ಕುಡಿಯಬೇಕು ಎಂದು ವೈದ್ಯರಿಂದ ಚೀಟಿ ಬರೆಸಿ ಸೂಪರ್‌ವೈಸರಿಗೆ ಕೊಡಿ. ತಿಂಗಳ ಸಂಬಳ 21,000 ರೂಪಾಯಿ ಮೀರದವರಿಗೆ ಇಎಸ್‌ಐ ಇದೆ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಮೆಡಿಕಲ್ ಕಾಲೇಜನ್ನೂ ಒಳಗೊಂಡದ್ದು. ಮೊದಲ ಎರಡು ಮಕ್ಕಳಿಗೆ 26 ವಾರಗಳ ಹೆರಿಗೆ ಸೌಲಭ್ಯದ ಜೊತೆಗೆ, ಬಸುರಿನಿಂದಲೇ ಆದ ಕಾಯಿಲೆಗೆ ವೈದ್ಯರ ಸಲಹೆಯ ಮೇರೆಗೆ ಇನ್ನೊಂದು ತಿಂಗಳು ಸಿಗುತ್ತದೆ ಎಂಬುದು ಬಹಳ ಜನರಿಗೆ ತಿಳಿಯದು.

ಎಲ್ಲಿ ಹೆರಿಗೆ, ಯಾರ ಕೈಯಲ್ಲಿ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಎರಡು ಮೂರು ಬೀದಿಗೊಂದು ನರ್ಸಿಂಗ್ ಹೋಮ್ ಸಿಗುತ್ತದೆ. ತೊಂದರೆಯಿಲ್ಲದ ಬಸುರಿಗೆ ಅಂಥ ಪುಟ್ಟ, ಪರಿಚಯದ ಜಾಗವೇ ಹಿತ. ಬಿಎಂಐ 35ರ ಮೇಲಿದ್ದರೆ, ಅಥವಾ ಬೊಜ್ಜಿನ ಜೊತೆ ಬಿಪಿ, ಸಕ್ಕರೆ ಇದ್ದರೆ ಮಾತ್ರ ಏಳನೇ ತಿಂಗಳೊಳಗೆ ಕೆಲವು ಪ್ರಶ್ನೆಗಳನ್ನು ನೇರವಾಗಿ ಕೇಳಬೇಕು. ಅನಸ್ತೇಷಿಯಾ ವೈದ್ಯರು ರಾತ್ರಿಯೂ ಆಸ್ಪತ್ರೆಯಲ್ಲೇ ಇರುತ್ತಾರೆಯೇ, ಫೋನ್ ಮಾಡಿದ ಮೇಲೆ ಬರುತ್ತಾರೆಯೇ? ರಕ್ತ ಎಲ್ಲಿಂದ ತರಿಸುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ? ತಾಯಿಗೆ ಐಸಿಯು, ಕೂಸಿಗೆ ಎನ್‌ಐಸಿಯು ಇದೆಯೇ? ಆಪರೇಷನ್ ಟೇಬಲ್ ಎಷ್ಟು ತೂಕ ತಾಳುತ್ತದೆ? ಕೇಳಿದ್ದಕ್ಕೆ ಸಿಡುಕುವವರಿಗಿಂತ ಬಿಡಿಸಿ ಉತ್ತರ ಹೇಳುವವರಲ್ಲಿ ಹೆರಿಗೆಯಾಗುವುದು ಲೇಸು. ಅನಸ್ತೇಷಿಯಾದ ಪ್ರಶ್ನೆಗೆ ಹೆಚ್ಚು ಒತ್ತು ಕೊಡುತ್ತೇನೆ. ದಪ್ಪ ಬೆನ್ನಿನಲ್ಲಿ ಸೂಜಿಗೆ ಜಾಗ ಹುಡುಕಲು ಹೊತ್ತು ಹಿಡಿಯುತ್ತದೆ, ನಡುರಾತ್ರಿಯ ತುರ್ತಿನಲ್ಲಿ ಆ ಹೊತ್ತು ಸಿಗುವುದಿಲ್ಲ. ಎಂಟನೇ ತಿಂಗಳಲ್ಲೇ ಅವರಿಗೆ ಒಮ್ಮೆ ತೋರಿಸಿಕೊಂಡರೆ ಬಹಳಷ್ಟು ಆತಂಕ ತಪ್ಪುತ್ತದೆ.

ಸರ್ಕಾರಿ ವ್ಯವಸ್ಥೆಯಲ್ಲಿ ಪಾಲಿಕೆಯ ಹೆರಿಗೆ ಆಸ್ಪತ್ರೆಗಳು ತಪಾಸಣೆ ಮಾಡಿ, ಅಪಾಯ ಕಂಡವರನ್ನು ದೊಡ್ಡ ಆಸ್ಪತ್ರೆಗೆ ಕಳಿಸುತ್ತವೆ. ಈ ಭಾಗದವರಿಗೆ ಮಲ್ಲೇಶ್ವರದ ಕೆ.ಸಿ. ಜನರಲ್, ಮಾರುಕಟ್ಟೆ ಬಳಿಯ ವಾಣಿವಿಲಾಸ ಹತ್ತಿರ. ಕೆಂಗೇರಿ ಕಡೆಯವರಿಗೆ ಮೈಸೂರು ರಸ್ತೆಯಲ್ಲೇ ಖಾಸಗಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. 2016ರಲ್ಲಿ ಆರಂಭವಾದ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ 9ರಂದು ಬಸುರಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಬಡಾವಣೆಯ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿ ಎಂದು ಹೇಳುತ್ತಾರೆ.

ಇಲ್ಲಿ ನಮ್ಮ ಒಂದು ಪದ್ಧತಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಸೀಮಂತ ಮುಗಿದ ಮೇಲೆ ವಿಜಯನಗರದ ಹುಡುಗಿ ಮಂಡ್ಯಕ್ಕೋ ಹಾಸನಕ್ಕೋ ತುಮಕೂರಿಗೋ ಹೊರಡುತ್ತಾಳೆ. ಏಳು ತಿಂಗಳು ನೋಡಿದ ವೈದ್ಯರು ಒಂದೆಡೆ, ಹೆರಿಗೆ ಮಾಡಿಸುವವರು ಇನ್ನೊಂದೆಡೆ. ಯಾವ ಮಾತ್ರೆ ಎಷ್ಟು ದಿನದಿಂದ, ಸಕ್ಕರೆ ಎಷ್ಟಿತ್ತು, ಬಿಪಿಗೆ ಯಾವ ಪಟ್ಟಿ, ಒಂದೂ ಆಚೆ ಕಡೆಯವರಿಗೆ ತಿಳಿದಿರುವುದಿಲ್ಲ. ಅಮ್ಮನ ಹತ್ತಿರ ಇರುವ ಸುಖವನ್ನು ಯಾವ ಆಸ್ಪತ್ರೆಯೂ ಕೊಡಲಾರದು, ತವರಿಗೆ ಹೋಗಬೇಡಿ ಎನ್ನುವುದಿಲ್ಲ. ಹೋಗುವ ಊರಿನ ಆಸ್ಪತ್ರೆಗೂ ಮೇಲಿನ ಪ್ರಶ್ನೆಗಳನ್ನೇ ಹಾಕಿ, ಉತ್ತರ ಸರಿಯಿಲ್ಲದಿದ್ದರೆ ಅಮ್ಮನನ್ನೇ ಬೆಂಗಳೂರಿಗೆ ಕರೆಸಿಕೊಳ್ಳಿ. ಹೋಗುವುದಾದರೆ ಹೆರಿಗೆಗೆ ಕನಿಷ್ಠ ಒಂದು ತಿಂಗಳು ಮುಂಚೆ ಹೋಗಿ, ಇಡೀ ಫೈಲ್ ಒಯ್ದು, ಅಲ್ಲಿಯ ವೈದ್ಯರಿಗೆ ಒಮ್ಮೆ ತೋರಿಸಿ.

ದಪ್ಪ ಇದ್ದವರಿಗೆ ಸಿಸೇರಿಯನ್ನೇ ಗತಿ ಎಂಬುದು ಸರಿಯಲ್ಲ. ಬೊಜ್ಜೊಂದೇ ಸಿಸೇರಿಯನ್‌ಗೆ ಕಾರಣವಾಗದು. ನೋವು ಶುರುವಾದ ಮೇಲೆ ಗರ್ಭದ ಬಾಯಿ ತೆರೆಯಲು ಹೆಚ್ಚು ಹೊತ್ತು ಬೇಕಾಗಬಹುದು, ಅದಕ್ಕೆ ತಾಳ್ಮೆ ಇರುವ ತಂಡ ಬೇಕು. ಕೂಸು ದೊಡ್ಡದಿದ್ದರೆ ಭುಜ ಸಿಕ್ಕಿಕೊಳ್ಳುವ ಅಪಾಯ, ಹೆರಿಗೆಯ ನಂತರ ಹೆಚ್ಚು ರಕ್ತ ಹೋಗುವ ಅಪಾಯ ಇರುವುದರಿಂದ ಅನುಭವಿಗಳು ಹತ್ತಿರದಲ್ಲೇ ಇರಬೇಕು. ತಲೆನೋವು ನಿಲ್ಲದಿದ್ದರೆ, ಕಣ್ಣು ಮಂಜಾದರೆ, ಎದೆಗುಂಡಿಯ ಕೆಳಗೆ ನೋವು, ಮುಖದಲ್ಲಿ ಊತ, ಕೂಸಿನ ಅಲುಗಾಟ ಕಡಿಮೆ, ಒಂದೇ ಕಾಲು ಊದಿ ನೋವು, ಇದ್ದಕ್ಕಿದ್ದಂತೆ ಏದುಸಿರು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆಮಾಡಿ.

ಬಾಣಂತನ ನಮ್ಮ ಹೆಂಗಸರಿಗೆ ಸಿಗುವ ಅಪರೂಪದ ಆರೈಕೆ. ಬಿಸಿನೀರು, ಬಿಸಿಯೂಟ, ಕೂಸನ್ನು ನೋಡಿಕೊಳ್ಳುವ ಎರಡು ಹಿರಿಯ ಕೈಗಳು ಉಳಿಯಲಿ. ಆದರೆ ದಿನವಿಡೀ ಮಲಗಿಸಿ, ನೀರು ಕಡಿಮೆ ಕೊಟ್ಟರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಬೊಜ್ಜಿರುವವರಲ್ಲಿ, ಅದರಲ್ಲೂ ಸಿಸೇರಿಯನ್ ಆದವರಲ್ಲಿ ಈ ಭಯ ಹೆಚ್ಚು. ಕೆಲವರಿಗೆ ಹೆಪ್ಪು ತಡೆಯುವ ಹೆಪಾರಿನ್ ಚುಚ್ಚುಮದ್ದನ್ನು ತೂಕಕ್ಕೆ ತಕ್ಕಂತೆ ಕೊಡುತ್ತಾರೆ, ಮನೆಗೆ ಬಂದ ಮೇಲೂ ನಡುವೆ ಬಿಡಬಾರದು. ವೈದ್ಯರು ಎಂದು ಏಳಿ ಎನ್ನುತ್ತಾರೋ ಅಂದೇ ಎದ್ದು ಓಡಾಡಿ. ಸಿಸೇರಿಯನ್ ಹೊಲಿಗೆ ಹೊಟ್ಟೆಯ ಮಡಿಕೆಯೊಳಗೆ ಬರುವುದರಿಂದ ಬೆವೆತು ಕೀವಾಗಬಹುದು. ದಿನವೂ ಅಮ್ಮನಿಂದ ನೋಡಿಸಿಕೊಳ್ಳಿ, ಒಣ ಹತ್ತಿಬಟ್ಟೆಯಿಂದ ಒತ್ತಿ ಒರೆಸಿ, ಗಾಯದ ಮೇಲೆ ಬಿಗಿಯಾಗಿ ಸೀರೆ ಸುತ್ತಬೇಡಿ. ಹಾಲು ಒಂದೆರಡು ದಿನ ತಡವಾಗಿ ಇಳಿಯಬಹುದು. 'ಇವಳಿಗೆ ಹಾಲಿಲ್ಲ' ಎಂದು ಪುಡಿಯ ಡಬ್ಬಿ ತೆರೆಯುವ ಮೊದಲು ಕೂಸನ್ನು ಮತ್ತೆ ಮತ್ತೆ ಎದೆಗೆ ಹಾಕಿ, ಸಿಸ್ಟರ್ ಸಹಾಯ ಕೇಳಿ. ಅಂಟಿನ ಉಂಡೆ ದಿನಕ್ಕೊಂದು ಸಾಕು. ಸಬ್ಬಸಿಗೆ, ಮೆಂತ್ಯದ ಸೊಪ್ಪು, ಬೇಳೆ, ಮೊಟ್ಟೆ ಹೆಚ್ಚಿರಲಿ.

ಬಸುರಿನಲ್ಲಿ ಸಕ್ಕರೆ ಇದ್ದವರು ಹೆರಿಗೆಯಾದ ಆರನೇ ವಾರಕ್ಕೆ ಮತ್ತೆ 75 ಗ್ರಾಂ ಗ್ಲೂಕೋಸಿನ ಪರೀಕ್ಷೆ ಮಾಡಿಸಬೇಕು. ಕೂಸಿನ ಲಸಿಕೆಗೆ ಹೇಗೂ ಹೋಗುವ ಹೊತ್ತದು, ಅದೇ ದಿನ ನಿಮ್ಮ ರಕ್ತವನ್ನೂ ಕೊಟ್ಟು ಬನ್ನಿ. ಆಮೇಲೆ ವರ್ಷಕ್ಕೊಮ್ಮೆ. ಗರ್ಭನಿರೋಧಕ್ಕೆ ಹಾರ್ಮೋನ್ ಮಾತ್ರೆ ಹೆಪ್ಪಿನ ಅಪಾಯ ಹೆಚ್ಚಿಸಬಹುದಾದ್ದರಿಂದ ಕಾಪರ್-ಟಿ ಬಗ್ಗೆ ಮೊದಲು ಕೇಳಿ. ತೂಕ ಇಳಿಸುವ ಸಮಯ ಈಗ, ಎರಡು ಬಸುರುಗಳ ನಡುವೆ. 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ, ತೂಕ ಇಳಿಸುವ ಮೌಂಜಾರೋ, ವೆಗೋವಿ ಚುಚ್ಚುಮದ್ದುಗಳನ್ನು ತೆಗೆದುಕೊಳ್ಳುವವರು ಬಸುರಾಗುವ ಯೋಚನೆ ಇದ್ದರೆ ಕನಿಷ್ಠ ಎರಡು ತಿಂಗಳು ಮುಂಚೆ ನಿಲ್ಲಿಸಬೇಕು. ಮೌಂಜಾರೋ ಗರ್ಭನಿರೋಧಕ ಮಾತ್ರೆಯ ಬಲವನ್ನೂ ತಗ್ಗಿಸಬಹುದು. ಹೊಟ್ಟೆ ಕುಗ್ಗಿಸುವ ಶಸ್ತ್ರಚಿಕಿತ್ಸೆ ಆದವರು 12ರಿಂದ 18 ತಿಂಗಳು ಕಾಯಬೇಕು. ಮುಂದಿನ ಕೂಸು ಬೇಕೆನಿಸಿದಾಗ ಬಿಪಿ, ಸಕ್ಕರೆ, ಥೈರಾಯ್ಡ್ ನೋಡಿಸಿ, ಫೋಲಿಕ್ ಆಸಿಡ್ ಶುರುಮಾಡಿ, ಹಳೆಯ ತಾಯಿ ಕಾರ್ಡನ್ನೂ ಡಿಸ್ಚಾರ್ಜ್ ಸಮ್ಮರಿಯನ್ನೂ ತೆಗೆದುಕೊಂಡು ಹೋಗಿ.